‘ಲ್ಯಾಬ್ ತೆಗಿ’ ಅಂದರೆ ಏಜೆಂಟ್ ಏನು ಮಾಡಬೇಕು? ವರ್ಚುವಲ್ ನೆಟ್‌ವರ್ಕ್ ಲ್ಯಾಬ್‌ನ ಟೂಲ್‌ಗಳಿಗೆ ವಿವರಣೆ ಬರೆಯುವ ಕ್ರಮ

ಕಲಬುರಗಿ ಸೀಮೆಯ ಮಾತಿನಲ್ಲಿ ‘ತೆಗಿ’ ಎಂಬುದಕ್ಕೆ ಎರಡು ಕೆಲಸ. ‘ಬಾಗಿಲಾ ತೆಗಿ’ ಅಂದರೆ ತೆರೆಯಬೇಕು, ‘ಕಸಾ ತೆಗಿ’ ಅಂದರೆ ಎತ್ತಿ ಹೊರಗೆ ಹಾಕಬೇಕು. ಕೇಳುವವರು ಮನುಷ್ಯರಾದರೆ ಗೊಂದಲವಿಲ್ಲ. ಆದರೆ ವಿದ್ಯಾರ್ಥಿಯೊಬ್ಬ ಎಐ ಏಜೆಂಟ್‌ಗೆ ‘ನಿನ್ನಿ ಲ್ಯಾಬ್ ತೆಗಿ’ ಎಂದು ಟೈಪ್ ಮಾಡಿದಾಗ ಏಜೆಂಟ್ ಕೈಯಲ್ಲಿ ಪ್ರಾಜೆಕ್ಟ್ ತೆರೆಯುವ ಟೂಲ್ ಒಂದು, ಅಳಿಸುವ ಟೂಲ್ ಒಂದು ಇರುತ್ತವೆ. ಅದು ಎರಡರಲ್ಲಿ ಒಂದನ್ನು ಆರಿಸುವುದು ಆ ಟೂಲ್‌ಗಳ ಜೊತೆ ನೀವು ಬರೆದಿಟ್ಟ ನಾಲ್ಕಾರು ಸಾಲುಗಳನ್ನು ನೋಡಿಕೊಂಡು. ಅಲ್ಲಿ ‘ಪ್ರಾಜೆಕ್ಟ್ ಅಳಿಸುತ್ತದೆ’ ಎಂದಷ್ಟೇ ಇದ್ದರೆ ತಪ್ಪು ಏಜೆಂಟ್‌ನದಲ್ಲ.

ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜು ಲ್ಯಾಬ್‌ಗಳಲ್ಲಿ ಜಿಎನ್‌ಎಸ್3 (ಕಂಪ್ಯೂಟರಿನೊಳಗೇ ರೌಟರ್, ಸ್ವಿಚ್‌ಗಳ ನೆಟ್‌ವರ್ಕ್ ಕಟ್ಟುವ ಸಾಫ್ಟ್‌ವೇರ್) ಸರ್ವರ್ ಇಟ್ಟುಕೊಂಡು ಅದಕ್ಕೆ ಎಂಸಿಪಿ ಮೂಲಕ ಏಜೆಂಟ್ ಜೋಡಿಸುವವರಿಗೆ ಈ ಬರಹ. ಎಂಸಿಪಿ ಎಂಬುದು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಅಂದರೆ ಏಜೆಂಟ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಕ್ರಮ. ಆಂಥ್ರೊಪಿಕ್ ಕಂಪನಿ ಅದನ್ನು 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಕಂಟೇನರ್‌ಲ್ಯಾಬ್, ಸಿಸ್ಕೋ ಮಾಡೆಲಿಂಗ್ ಲ್ಯಾಬ್ಸ್, ಈವ್-ಎನ್‌ಜಿ ಬಳಸುವವರಿಗೂ ಮುಕ್ಕಾಲು ಪಾಲು ಇದೇ ಕ್ರಮ ಸಾಕು. ಟೂಲ್ ಹೆಸರು, ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ನಿಮ್ಮ ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಮಾದರಿ ಲ್ಯಾಬ್

ಉದಾಹರಣೆಗೆ ನಮ್ಮದೇ ರೈಲು ದಾರಿ ತಗೊಳ್ಳೋಣ: ಬೀದರ್, ಹುಮನಾಬಾದ್, ಕಲಬುರಗಿ, ವಾಡಿ, ಯಾದಗಿರಿ. ಸಾಲಾಗಿ 5 ರೌಟರ್, ನಡುವೆ 4 ಲಿಂಕ್. ವಿಳಾಸಗಳು 10.1.12.0/30, 10.1.23.0/30, 10.1.34.0/30, 10.1.45.0/30. ಐಒಎಸ್‌ವಿ (ಸಿಸ್ಕೋ ರೌಟರ್‌ಗಳ ಐಒಎಸ್ ಸಾಫ್ಟ್‌ವೇರ್‌ನ ವರ್ಚುವಲ್ ರೂಪ) ರೌಟರ್ ಒಂದಕ್ಕೆ 512 ಎಂಬಿ ಮೆಮೊರಿಯಾದರೆ ಐದಕ್ಕೆ ಎರಡೂವರೆ ಜಿಬಿ. 8 ಜಿಬಿಯ ಹಳೆಯ ಡೆಸ್ಕ್‌ಟಾಪ್‌ನಲ್ಲೂ ಇದು ಓಡುತ್ತದೆ. ಜಿಎನ್‌ಎಸ್3 ಜೊತೆ ಸಿಸ್ಕೋ ಇಮೇಜ್ ಬರುವುದಿಲ್ಲ, ಅದನ್ನು ನಿಮ್ಮ ಪರವಾನಗಿಯಲ್ಲಿ ತರಬೇಕು. ಪರವಾನಗಿ ಇಲ್ಲದವರು ಎಫ್‌ಆರ್‌ಆರ್ ಎಂಬ ರೂಟಿಂಗ್ ಸಾಫ್ಟ್‌ವೇರ್ ಬಳಸಲಿ, ಅದು ಉಚಿತ.

ಏಜೆಂಟ್ ಓದುವುದು ಯಾವುದನ್ನು?

ಹೆಚ್ಚಿನವರು ಎಡವುವುದು ಇಲ್ಲೇ. ಇಪ್ಪತ್ತು ಪುಟದ ರೀಡ್‌ಮಿ ಬರೆದಿರುತ್ತಾರೆ, ಚಿತ್ರ ಹಾಕಿರುತ್ತಾರೆ. ಏಜೆಂಟ್ ಅದನ್ನು ನೋಡುವುದೇ ಇಲ್ಲ. ಅದರ ಕಣ್ಣಿಗೆ ಬೀಳುವುದು ಟೂಲ್‌ನ ಹೆಸರು, ಅದರ ವಿವರಣೆ, ಪ್ಯಾರಾಮೀಟರ್‌ಗಳ ಸ್ಕೀಮಾ (ಯಾವ ಮೌಲ್ಯ, ಯಾವ ಬಗೆಯದು ಬೇಕೆಂಬ ಪಟ್ಟಿ), ಆಮೇಲೆ ಟೂಲ್ ಹಿಂದಿರುಗಿಸಿದ ಉತ್ತರ. ಪೈಥಾನ್ ಎಸ್‌ಡಿಕೆಯಲ್ಲಿ ಫಂಕ್ಷನ್‌ನ ಡಾಕ್‌ಸ್ಟ್ರಿಂಗ್ (ಕೋಡ್‌ನೊಳಗೇ ಬರೆಯುವ ವಿವರಣೆಯ ಸಾಲುಗಳು) ನೇರವಾಗಿ ಟೂಲ್‌ನ ವಿವರಣೆಯಾಗುತ್ತದೆ, ಟೈಪ್ ಹಿಂಟ್‌ಗಳಿಂದ ಸ್ಕೀಮಾ ತಯಾರಾಗುತ್ತದೆ. ಹಾಗಾಗಿ ರೀಡ್‌ಮಿಗೆ ಕೊಡುವ ಒಂದು ದಿನದಲ್ಲಿ ಅರ್ಧ ದಿನವನ್ನಾದರೂ ಡಾಕ್‌ಸ್ಟ್ರಿಂಗ್‌ಗೆ ಕೊಡಿ.

ಮೊದಲು ಟೂಲ್‌ಗಳನ್ನು ಕಡಿಮೆ ಮಾಡಿ

ಜಿಎನ್‌ಎಸ್3 ಸರ್ವರ್ 3080ನೇ ಪೋರ್ಟ್‌ನಲ್ಲಿ ರೆಸ್ಟ್ ಎಪಿಐ (ಬೇರೆ ಪ್ರೋಗ್ರಾಂಗಳು ಅದಕ್ಕೆ ಆಜ್ಞೆ ಕಳಿಸುವ ದಾರಿ) ಕೊಡುತ್ತದೆ. ಅದರ ಪ್ರತಿಯೊಂದು ವಿಳಾಸಕ್ಕೂ ಒಂದೊಂದು ಟೂಲ್ ಮಾಡಿದರೆ ಪಟ್ಟಿಯೇ ಏಜೆಂಟ್‌ನ ತಲೆ ತುಂಬುತ್ತದೆ. ಲ್ಯಾಬ್ ನಡೆಸಲು ಹತ್ತು ಹನ್ನೆರಡು ಟೂಲ್ ಧಾರಾಳ: ಪ್ರಾಜೆಕ್ಟ್ ಪಟ್ಟಿ, ತೆರೆಯುವುದು, ಮುಚ್ಚುವುದು, ನೋಡ್‌ಗಳ (ಲ್ಯಾಬ್‌ನ ರೌಟರ್, ಸ್ವಿಚ್‌ಗಳ) ಪಟ್ಟಿ, ನೋಡ್ ಸೇರಿಸುವುದು, ಚಾಲೂ, ಬಂದ್, ಲಿಂಕ್ ಹಾಕುವುದು, ಕೀಳುವುದು, ಕನ್ಸೋಲ್ ಆಜ್ಞೆ, ಸ್ನ್ಯಾಪ್‌ಶಾಟ್ (ಲ್ಯಾಬ್‌ನ ಆ ಹೊತ್ತಿನ ಸ್ಥಿತಿಯ ಪ್ರತಿ).

ಎಪಿಐ ಕೇಳುವ ಪ್ರಾಜೆಕ್ಟ್ ಐಡಿ, ನೋಡ್ ಐಡಿ ತಲಾ 36 ಅಕ್ಷರದವು. ಏಜೆಂಟ್ ಅವನ್ನು ನಕಲು ಮಾಡುವಾಗ ಒಂದು ಅಕ್ಷರ ಜಾರಿಸುವುದುಂಟು. ಟೂಲ್ ಹೆಸರನ್ನೇ ಸ್ವೀಕರಿಸಲಿ, ಐಡಿ ಹುಡುಕುವ ಕೆಲಸ ಸರ್ವರ್ ಕಡೆಯ ಕೋಡ್ ಮಾಡಲಿ. ಅಷ್ಟರಿಂದಲೇ ವಿವರಣೆಯ ಮೂರು ಸಾಲು ಉಳಿಯುತ್ತವೆ.

ಹೆಸರಿನಲ್ಲೇ ಇನ್ನೊಂದು ತೊಡಕಿದೆ. ಗುಲ್ಬರ್ಗ 2014ರ ನವೆಂಬರ್ 1ರಂದು ಕಲಬುರಗಿ ಆಯಿತು, ಆದರೆ ಹಳೆಯ ಲ್ಯಾಬ್ ಫೈಲುಗಳಲ್ಲಿ ಅದು ಇನ್ನೂ ಗುಲ್ಬರ್ಗವೇ. ಯಾದಗಿರಿಯನ್ನು ಇಂಗ್ಲಿಷ್‌ನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಐಒಎಸ್‌ನ ಹೋಸ್ಟ್‌ನೇಮ್ ಕನ್ನಡ ಅಕ್ಷರ ಒಪ್ಪುವುದಿಲ್ಲ. ಆದ್ದರಿಂದ ಪ್ರತಿ ನೋಡ್‌ಗೆ ಇಂಗ್ಲಿಷ್ ಅಕ್ಷರದ ಒಂದೇ ಹೆಸರು ಗೊತ್ತುಮಾಡಿ. ಉಳಿದ ರೂಪಗಳನ್ನೆಲ್ಲ, ಕನ್ನಡದವನ್ನೂ ಸೇರಿಸಿ, ಪರ್ಯಾಯ ಹೆಸರುಗಳ ಪಟ್ಟಿಯಲ್ಲಿಟ್ಟು ನೋಡ್ ಪಟ್ಟಿಯ ಜೊತೆಗೇ ಏಜೆಂಟ್‌ಗೆ ತೋರಿಸಿ. ಹೆಸರು ಸಿಗದಿದ್ದರೆ ಟೂಲ್ ‘ಇಲ್ಲ’ ಎಂದು ಕೈತೊಳೆದುಕೊಳ್ಳದೆ, ‘ಈ ಪ್ರಾಜೆಕ್ಟ್‌ನಲ್ಲಿರುವ ನೋಡ್‌ಗಳು ಇವು’ ಎಂದು ಐದೂ ಹೆಸರು ಹೇಳಲಿ. ಹತ್ತಿರದ ಹೆಸರನ್ನು ತಾನೇ ಊಹಿಸಿ ಮುಂದುವರಿಯುವುದು ಮಾತ್ರ ಬೇಡ.

ವಿವರಣೆಯಲ್ಲಿ ಏನಿರಬೇಕು

ನೋಡ್ ಚಾಲೂ ಮಾಡುವ ಟೂಲ್‌ಗೆ ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ:

ಸ್ಟಾರ್ಟ್_ನೋಡ್: ನೋಡ್ ಅನ್ನು ಪ್ರಾರಂಭಿಸುತ್ತದೆ.

ಇದು ಹೆಸರನ್ನೇ ಇನ್ನೊಮ್ಮೆ ಓದಿದಂತೆ. ಜಿಎನ್‌ಎಸ್3 ‘ಸ್ಟಾರ್ಟೆಡ್’ ಎಂದು ಹೇಳುವುದು ಎಮ್ಯುಲೇಟರ್ ಓಡುತ್ತಿದೆ ಎಂಬ ಅರ್ಥದಲ್ಲಿ. ಒಳಗಿನ ರೌಟರ್ ಬೂಟ್ ಆಗಿ ಪ್ರಾಂಪ್ಟ್ ಕೊಡಲು ಇನ್ನೂ ಒಂದೆರಡು ನಿಮಿಷ ಬೇಕಾಗಬಹುದು. ಇದು ಗೊತ್ತಿಲ್ಲದ ಏಜೆಂಟ್ ತಕ್ಷಣ ಕನ್ಸೋಲ್‌ಗೆ ಹೋಗುತ್ತದೆ, ಖಾಲಿ ಪರದೆ ಕಂಡು ‘ರೌಟರ್ ಕೆಟ್ಟಿದೆ’ ಎಂದು ತೀರ್ಮಾನಿಸಿ ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತದೆ. ಬೂಟ್ ಮತ್ತೆ ಮೊದಲಿನಿಂದ. ಹೀಗೆ ಹತ್ತು ಸಲ ಸುತ್ತಬಹುದು. ಸರಿಯಾದ ವಿವರಣೆ ಹೀಗಿರಲಿ:

ಸ್ಟಾರ್ಟ್_ನೋಡ್: ತೆರೆದಿರುವ ಪ್ರಾಜೆಕ್ಟ್‌ನ ಒಂದು ನೋಡ್‌ಗೆ ಪವರ್ ಕೊಡುತ್ತದೆ. ಪ್ರಾಜೆಕ್ಟ್ ಮುಚ್ಚಿದ್ದರೆ ಮೊದಲು ಓಪನ್_ಪ್ರಾಜೆಕ್ಟ್ ಬಳಸಿ. ‘ಸ್ಟಾರ್ಟೆಡ್’ ಎಂಬ ಉತ್ತರ ಬಂದ ಮಾತ್ರಕ್ಕೆ ಬೂಟ್ ಮುಗಿದಿಲ್ಲ. ಕನ್ಸೋಲ್ ಆಜ್ಞೆ ಕೊಡುವ ಮುನ್ನ ವೇಟ್_ಪ್ರಾಂಪ್ಟ್ ಕರೆಯಿರಿ. ಅದು 10 ಸೆಕೆಂಡಿಗೊಮ್ಮೆ ನೋಡುತ್ತದೆ, ಗರಿಷ್ಠ 180 ಸೆಕೆಂಡ್. ಈಗಾಗಲೇ ಓಡುತ್ತಿರುವ ನೋಡ್‌ಗೆ ಮತ್ತೆ ಕರೆದರೆ ಏನೂ ಆಗುವುದಿಲ್ಲ. ನಿಧಾನ ಎಂಬ ಕಾರಣಕ್ಕೆ ಸ್ಟಾಪ್_ನೋಡ್ ಬಳಸಬೇಡಿ.

ಕೊನೆಯ ವಾಕ್ಯವೇ ಇದರಲ್ಲಿ ಹೆಚ್ಚು ಕೆಲಸ ಮಾಡುವುದು. ‘ಯಾವಾಗ ಬಳಸಬಾರದು’ ಎಂಬುದನ್ನು ಕಾರಣದ ಸಮೇತ ಬರೆದರೆ, ಹೊಸ ಸಂದರ್ಭದಲ್ಲೂ ಏಜೆಂಟ್ ಆ ಕಾರಣವನ್ನು ಅನ್ವಯಿಸಿಕೊಳ್ಳುತ್ತದೆ. ‘ಎಚ್ಚರಿಕೆಯಿಂದ ಬಳಸಿ’ ಎಂಬಂಥ ಮಾತಿಗೆ ಮಾತ್ರ ಯಾವ ಬೆಲೆಯೂ ಇಲ್ಲ.

ಇನ್ನು ‘ಬಂದ್ ಮಾಡು’. ನಮ್ಮ ಕಡೆ ಅಂಗಡಿ, ಫ್ಯಾನು, ಮೋಟರು ಎಲ್ಲಕ್ಕೂ ಇದೇ ಮಾತು. ‘ಬೀದರ್ ಬಂದ್ ಮಾಡ್ರಿ’ ಎಂದರೆ ಲ್ಯಾಬ್‌ನಲ್ಲಿ ಮೂರು ಅರ್ಥ ಸಾಧ್ಯ: ಬೀದರ್ ಕಡೆಯ ಇಂಟರ್‌ಫೇಸ್ ಶಟ್‌ಡೌನ್, ಬೀದರ್ ನೋಡ್‌ನ ಪವರ್ ಬಂದ್, ಇಲ್ಲವೇ ಬೀದರ್ ಎಂಬ ಪ್ರಾಜೆಕ್ಟ್ ಮುಚ್ಚುವುದು. ಈ ಮೂರಕ್ಕೆ ಬೇರೆ ಬೇರೆ ಟೂಲ್ ಇದ್ದರೆ ಪ್ರತಿಯೊಂದರ ವಿವರಣೆಯೂ ಉಳಿದೆರಡನ್ನು ಹೆಸರಿಸಬೇಕು: ‘ಲಿಂಕ್ ಒಂದನ್ನೇ ಪರೀಕ್ಷೆಗೆ ಕೆಡವಬೇಕಿದ್ದರೆ ಇದಲ್ಲ, ರನ್_ಕನ್ಸೋಲ್‌ನಲ್ಲಿ ಶಟ್‌ಡೌನ್ ಕೊಡಿ.’

ಸ್ಟಾಪ್_ನೋಡ್‌ನಲ್ಲಿ ಬಿಡಲೇಬಾರದ ಸಾಲೊಂದಿದೆ. ಐಒಎಸ್‌ನಲ್ಲಿ ಟೈಪ್ ಮಾಡಿದ ಕಾನ್ಫಿಗರೇಷನ್ ಪವರ್ ಹೋದರೆ ಅಳಿಯುವ ಮೆಮೊರಿಯಲ್ಲಷ್ಟೇ ಇರುತ್ತದೆ. ಸೇವ್ ಮಾಡುವ ‘ರೈಟ್ ಮೆಮೊರಿ’ ಆಜ್ಞೆ ಕೊಡದೆ ಪವರ್ ತೆಗೆದರೆ ವಿದ್ಯಾರ್ಥಿಯ ಎರಡು ತಾಸಿನ ಕೆಲಸ ಹೋಯಿತು. ಪ್ರಾಜೆಕ್ಟ್ ಮುಚ್ಚಿದರೂ ಅದೇ ಗತಿ, ಮುಚ್ಚಿದಾಗ ಅದರ ನೋಡ್‌ಗಳೂ ನಿಲ್ಲುತ್ತವೆ. ಸ್ನ್ಯಾಪ್‌ಶಾಟ್‌ನಲ್ಲೂ ಇದೇ ಬಲೆ: ಜಿಎನ್‌ಎಸ್3 ಸ್ನ್ಯಾಪ್‌ಶಾಟ್ ತೆಗೆಯಲು ನೋಡ್‌ಗಳು ನಿಂತಿರಬೇಕು ಎನ್ನುತ್ತದೆ, ಏಜೆಂಟ್ ವಿಧೇಯವಾಗಿ ಎಲ್ಲವನ್ನೂ ನಿಲ್ಲಿಸುತ್ತದೆ, ಸೇವ್ ಮಾಡದ ಕಾನ್ಫಿಗರೇಷನ್ ಹೋಗಿಬಿಟ್ಟ ಮೇಲೆ ‘ಸ್ನ್ಯಾಪ್‌ಶಾಟ್ ಯಶಸ್ವಿ’ ಎಂದು ಹೇಳುತ್ತದೆ. ಕ್ರಮವನ್ನು ಮೂರೂ ಟೂಲ್‌ಗಳಲ್ಲಿ ಬರೆಯಿರಿ: ಮೊದಲು ಸೇವ್, ಆಮೇಲೆ ಸ್ಟಾಪ್, ಆಮೇಲೆ ಸ್ನ್ಯಾಪ್‌ಶಾಟ್. ಒಂದೇ ಮಾತು ಮೂರು ಕಡೆ ಬಂತಲ್ಲ ಎಂದು ನಾಚಿಕೊಳ್ಳಬೇಡಿ.

ಪ್ಯಾರಾಮೀಟರ್‌ಗಳು: ಲಿಂಕ್ ಹಾಕುವುದೇ ಕಷ್ಟದ್ದು

ಜಿಎನ್‌ಎಸ್3ರಲ್ಲಿ ಲಿಂಕ್‌ಗೆ ಎರಡೂ ತುದಿಯ ಅಡಾಪ್ಟರ್ ಸಂಖ್ಯೆ, ಪೋರ್ಟ್ ಸಂಖ್ಯೆ ಬೇಕು. ಕ್ಯೂಎಂಯು ಎಂಬ ಎಮ್ಯುಲೇಟರ್ ಮೇಲೆ ಓಡುವ ಐಒಎಸ್‌ವಿಯಲ್ಲಿ ಪ್ರತಿ ಇಂಟರ್‌ಫೇಸ್ ಒಂದು ಬೇರೆ ಅಡಾಪ್ಟರ್. ಹಾಗಾಗಿ ಗಿಗಾಬಿಟ್ 0/1 ಎಂದರೆ ಅಡಾಪ್ಟರ್ 1, ಪೋರ್ಟ್ 0. ಜಿಎನ್‌ಎಸ್3ರ ಜೊತೆಗೇ ಬರುವ ಈಥರ್‌ನೆಟ್ ಸ್ವಿಚ್‌ನಲ್ಲಿ ಉಲ್ಟಾ: ಅಡಾಪ್ಟರ್ ಯಾವಾಗಲೂ 0, ಬದಲಾಗುವುದು ಪೋರ್ಟ್. ಇದನ್ನು ಹೇಳದಿದ್ದರೆ ಏಜೆಂಟ್ 0/1 ನೋಡಿ ಅಡಾಪ್ಟರ್ 0, ಪೋರ್ಟ್ 1 ಎಂದು ಕೊಟ್ಟು ಏಟು ತಿನ್ನುತ್ತದೆ. ವಿವರಣೆಯಲ್ಲಿ ಈ ಎರಡು ಉದಾಹರಣೆ ಹಾಕಿ. ಅದಕ್ಕಿಂತ ಒಳ್ಳೆಯದು, ಇಂಟರ್‌ಫೇಸ್ ಹೆಸರನ್ನೇ ಪ್ಯಾರಾಮೀಟರ್ ಮಾಡಿ ಲೆಕ್ಕವನ್ನು ಕೋಡ್‌ಗೆ ಬಿಡುವುದು.

‘ಲಿಂಕ್ ಹಾಕುವುದೆಂದರೆ ಕೇಬಲ್ ಚುಚ್ಚಿದಷ್ಟೇ’ ಎಂದೂ ಬರೆಯಿರಿ. ಸಿಸ್ಕೋ ರೌಟರ್‌ನ ಇಂಟರ್‌ಫೇಸ್‌ಗಳು ಹೊಸದರಲ್ಲಿ ಶಟ್‌ಡೌನ್ ಸ್ಥಿತಿಯಲ್ಲಿರುತ್ತವೆ, ‘ನೋ ಶಟ್‌ಡೌನ್’ ಕೊಡದೆ ಏಳುವುದಿಲ್ಲ. ಜಿಎನ್‌ಎಸ್3ರ ಆ ಈಥರ್‌ನೆಟ್ ಸ್ವಿಚ್‌ಗೆ ಸ್ಪ್ಯಾನಿಂಗ್ ಟ್ರೀಯೂ (ಕೇಬಲ್‌ಗಳ ಸುತ್ತು ಕಂಡರೆ ತಡೆಯುವ ವ್ಯವಸ್ಥೆ) ಇಲ್ಲ. ಎರಡು ಸ್ವಿಚ್ ನಡುವೆ ಎರಡು ಕೇಬಲ್ ಹಾಕಿದರೆ ಬ್ರಾಡ್‌ಕಾಸ್ಟ್ ಸುತ್ತಿ ಸುತ್ತಿ ಇಡೀ ಸರ್ವರ್ ಮಂದವಾಗುತ್ತದೆ.

ಉದಾಹರಣೆಯ ವಿಳಾಸ ಕೊಡುವಾಗ ಎಚ್ಚರ. ಡಾಕ್‌ಸ್ಟ್ರಿಂಗ್‌ನಲ್ಲಿ ‘ಉದಾ: 10.1.12.1’ ಎಂದಿದ್ದರೆ, ವಿಳಾಸ ಗೊತ್ತಿಲ್ಲದಾಗ ಏಜೆಂಟ್ ಅದನ್ನೇ ಎತ್ತಿ ಬಳಸುತ್ತದೆ, ಅದು ನಿಜಕ್ಕೂ ಲ್ಯಾಬ್‌ನಲ್ಲಿರುವ ವಿಳಾಸವಾದ್ದರಿಂದ ಯಾರಿಗೂ ಪತ್ತೆಯಾಗುವುದಿಲ್ಲ. ದಾಖಲೆಗಳಿಗೆಂದೇ ಮೀಸಲಾದ 192.0.2.0/24 ಗುಂಪಿನಿಂದ ಉದಾಹರಣೆ ಕೊಡಿ. ಅದು ಯಾವುದಾದರೂ ಆಜ್ಞೆಯಲ್ಲಿ ಕಂಡರೆ ಸರ್ವರ್ ಅಲ್ಲೇ ತಡೆಯಬಹುದು.

ಕನ್ಸೋಲ್ ಟೂಲ್

ಇದಕ್ಕೆ ಉಳಿದೆಲ್ಲದಕ್ಕಿಂತ ಉದ್ದದ ವಿವರಣೆ ಬೇಕು, ಯಾಕೆಂದರೆ ಕನ್ಸೋಲ್ ಮನುಷ್ಯರ ಕಣ್ಣಿಗೆಂದು ಮಾಡಿದ ಸಾಧನ. ಸಿಕ್ಕಿಕೊಳ್ಳುವ ಜಾಗಗಳು ಎಲ್ಲ ಲ್ಯಾಬ್‌ಗಳಲ್ಲೂ ಇವೇ.

ಹೊಸ ರೌಟರ್ ಮೊದಲ ಬೂಟ್‌ನಲ್ಲಿ ‘ಆರಂಭಿಕ ಕಾನ್ಫಿಗರೇಷನ್ ಸಂಭಾಷಣೆಗೆ ಹೋಗಬೇಕೆ’ ಎಂದು ಇಂಗ್ಲಿಷ್‌ನಲ್ಲಿ ಕೇಳಿ ಕಾಯುತ್ತದೆ. ಉತ್ತರ ‘ನೋ’. ಇದನ್ನು ಬರೆಯದಿದ್ದರೆ ಏಜೆಂಟ್‌ನ ಮೊದಲ ಆಜ್ಞೆಯೇ ಆ ಪ್ರಶ್ನೆಗೆ ಉತ್ತರವಾಗಿ ಹೋಗುತ್ತದೆ. ಉದ್ದದ ಉತ್ತರ ಬಂದಾಗ ಕನ್ಸೋಲ್ ಪರದೆ ತುಂಬುತ್ತಲೇ ‘ಮೋರ್’ ಎಂದು ನಿಲ್ಲುತ್ತದೆ, ಏಜೆಂಟ್‌ಗೆ ಅರ್ಧ ರೂಟಿಂಗ್ ಟೇಬಲ್ ಸಿಕ್ಕಿ ‘ಯಾದಗಿರಿಗೆ ದಾರಿಯೇ ಇಲ್ಲ’ ಎನ್ನುತ್ತದೆ. ಸೆಷನ್ ಶುರುವಾದೊಡನೆ ‘ಟರ್ಮಿನಲ್ ಲೆಂಗ್ತ್ 0’ ಕೊಡಿಸಿ. ಕಾಗುಣಿತ ತಪ್ಪಿದ ಆಜ್ಞೆಯನ್ನು ಐಒಎಸ್ ಹೋಸ್ಟ್‌ನೇಮ್ ಎಂದು ತಿಳಿದು ಡಿಎನ್‌ಎಸ್‌ನಲ್ಲಿ ಹುಡುಕುತ್ತ ಕೂರುತ್ತದೆ, ಅದಕ್ಕೆ ‘ನೋ ಐಪಿ ಡೊಮೈನ್ ಲುಕ್‌ಅಪ್’. ಈ ಮೂರನ್ನೂ ಟೂಲ್ ತಾನೇ ಮಾಡಿಬಿಟ್ಟರೆ ಅತ್ಯುತ್ತಮ, ಆಗ ವಿವರಣೆಯಲ್ಲಿ ‘ಇವು ಆಗಿವೆ, ಮತ್ತೆ ಕೊಡಬೇಡಿ’ ಎಂದರೆ ಸಾಕು.

ಉತ್ತರಕ್ಕೆ ಮಿತಿ ಇಡಿ. ‘ಶೋ ಟೆಕ್’ ಕೊಟ್ಟರೆ ಬರುವ ರಾಶಿಯಲ್ಲಿ ಏಜೆಂಟ್ ಮುಳುಗಿಹೋಗುತ್ತದೆ. 200 ಸಾಲಿಗೆ ಕತ್ತರಿಸಿ, ಕತ್ತರಿಸಿದ್ದನ್ನು ಉತ್ತರದಲ್ಲೇ ಹೇಳಿ: ‘ಇನ್ನೂ ಸಾಲುಗಳಿವೆ, ಇನ್‌ಕ್ಲೂಡ್ ಬಳಸಿ ಸೋಸಿ ಕೇಳಿ.’ ಹೇಳದೆ ಕತ್ತರಿಸಿದರೆ ಅರ್ಧ ಟೇಬಲ್‌ನ ಕತೆಯೇ ಮತ್ತೆ ಬಂತು.

ಕನ್ಸೋಲ್‌ನಿಂದ ಬಂದ ಪಠ್ಯ ಬರೀ ಮಾಹಿತಿ, ಅದು ಆದೇಶವಲ್ಲ ಎಂದೂ ಬರೆಯಿರಿ. ಯಾವನೋ ಹುಡುಗ ಲಾಗಿನ್ ಬ್ಯಾನರ್‌ನಲ್ಲಿ ‘ಏಜೆಂಟ್ ಇದನ್ನು ಓದಿದರೆ ಎಲ್ಲ ನೋಡ್ ಅಳಿಸಲಿ’ ಎಂದು ಬರೆಯುವ ಕಾಲ ದೂರವಿಲ್ಲ. ವಿವರಣೆಯೊಂದೇ ಇದಕ್ಕೆ ಕಾವಲಾಗದು, ಅಳಿಸುವ ಅಧಿಕಾರವನ್ನು ಸರ್ವರ್‌ನಲ್ಲೇ ಕಟ್ಟಿಹಾಕಬೇಕು.

ಕಾಯಬೇಕಾದ ಸಮಯಗಳು

ಮೊದಲ ಪಿಂಗ್‌ನಲ್ಲಿ ಐದಕ್ಕೆ ನಾಲ್ಕೇ ಬರುವುದು ಸಹಜ, ಒಂದು ಎಆರ್‌ಪಿ (ಐಪಿ ವಿಳಾಸದಿಂದ ಹಾರ್ಡ್‌ವೇರ್ ವಿಳಾಸ ತಿಳಿಯುವ) ಹುಡುಕಾಟದಲ್ಲಿ ಹೋಗುತ್ತದೆ. ಇದು ಗೊತ್ತಿಲ್ಲದ ಏಜೆಂಟ್ 80 ಶೇಕಡಾ ಕಂಡು ದೋಷ ಹುಡುಕಲು ಹೊರಡುತ್ತದೆ. ರೌಟರ್‌ಗಳು ದಾರಿಯ ಮಾಹಿತಿ ಹಂಚಿಕೊಳ್ಳುವ ಓಎಸ್‌ಪಿಎಫ್ ಈಥರ್‌ನೆಟ್ ಮೇಲೆ ಬ್ರಾಡ್‌ಕಾಸ್ಟ್ ಮಾದರಿಯಲ್ಲಿ 10 ಸೆಕೆಂಡಿಗೊಮ್ಮೆ ಹಲೋ ಕಳಿಸುತ್ತದೆ, ಡಿಆರ್ (ಆ ಲಿಂಕ್‌ನ ಮುಖ್ಯ ರೌಟರ್) ಆಯ್ಕೆಗೆ 40 ಸೆಕೆಂಡ್ ಕಾಯುತ್ತದೆ. ಬೀದರ್ ಹುಮನಾಬಾದ್ ನಡುವೆ ಎರಡೇ ರೌಟರ್ ಇದ್ದರೂ ಅಷ್ಟೇ. ಹಳೆಯ ಮಾದರಿಯ ಸ್ಪ್ಯಾನಿಂಗ್ ಟ್ರೀ ಇರುವ ಸ್ವಿಚ್ ಪೋರ್ಟ್ ತೆರೆಯಲು 15 ಮತ್ತು 15, ಒಟ್ಟು 30 ಸೆಕೆಂಡ್ ತಗೊಳ್ಳುತ್ತದೆ. ಪರಿಶೀಲನೆಯ ಟೂಲ್‌ನಲ್ಲಿ ಬರೆಯಿರಿ: ‘ಬದಲಾವಣೆ ಮಾಡಿ 60 ಸೆಕೆಂಡ್ ಆಗುವವರೆಗೆ ನೆರೆಹೊರೆ ಇಲ್ಲ ಎಂಬುದನ್ನು ದೋಷವೆಂದು ಎಣಿಸಬೇಡಿ. ಆಮೇಲೂ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ನಿಂತಿದ್ದರೆ ಎರಡೂ ಕಡೆಯ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಹೋಲಿಸಿ.’

ತಪ್ಪಾದಾಗ ಬರುವ ಮಾತು

ಎಪಿಐ ಬರೀ ‘409’ ಎಂಬ ದೋಷ ಸಂಖ್ಯೆ ಕೊಟ್ಟರೆ ಏಜೆಂಟ್ ಅದನ್ನೇ ಮತ್ತೆ ಕಳಿಸುತ್ತದೆ. ದೋಷದ ಸಂದೇಶವೂ ವಿವರಣೆಯ ಭಾಗವೇ. ‘ವಾಡಿಯ ಗಿಗಾಬಿಟ್ 0/1ಕ್ಕೆ ಈಗಾಗಲೇ ಕಲಬುರಗಿಯ ಲಿಂಕ್ ಇದೆ. ಏನೂ ಬದಲಾಗಿಲ್ಲ. ಖಾಲಿ ಇರುವವು: 0/2, 0/3’ ಎಂದು ಬಂದರೆ ಮುಂದಿನ ಹೆಜ್ಜೆ ತಾನಾಗಿ ಸರಿಹೋಗುತ್ತದೆ. ‘ಏನೂ ಬದಲಾಗಿಲ್ಲ’ ಎಂಬ ಎರಡು ಪದ ಮರೆಯಬೇಡಿ.

ನೋಡ್ ಸೇರಿಸುವ ಟೂಲ್ ಎರಡು ಸಲ ಕರೆದರೆ ಎರಡು ನೋಡ್ ಆಗುತ್ತವೆ. ಉತ್ತರ ತಡವಾಗಿ ಏಜೆಂಟ್ ಮತ್ತೆ ಕರೆದಾಗ, ಜಿಎನ್‌ಎಸ್3 ಅದೇ ಹೆಸರಿನ ಕೊನೆಗೆ ಅಂಕಿ ಸೇರಿಸಿ ಇನ್ನೊಂದನ್ನು ಹುಟ್ಟಿಸುತ್ತದೆ. ‘ಉತ್ತರ ಬಾರದಿದ್ದರೆ ಮೊದಲು ಲಿಸ್ಟ್_ನೋಡ್ಸ್ ನೋಡಿ’ ಎಂದು ಬರೆಯಿರಿ. ಎಂಸಿಪಿಯಲ್ಲಿ ‘ಓದಲು ಮಾತ್ರ’, ‘ನಾಶಕಾರಿ’, ‘ಮತ್ತೆ ಕರೆದರೂ ಅಡ್ಡಿಯಿಲ್ಲ’ ಎಂಬ ಸೂಚನೆಗಳನ್ನು ಟೂಲ್‌ಗೆ ಅಂಟಿಸಬಹುದು. ಅಂಟಿಸಿ, ಆದರೆ ಅವು ಸೂಚನೆಗಳಷ್ಟೇ, ಬೀಗವಲ್ಲ.

ಅಳಿಸುವ ಟೂಲ್‌ನ ಮಾತಿಗೆ ಬಂದರೆ, ಏಜೆಂಟ್‌ಗೆ ಅದನ್ನು ಕೊಡಲೇಬಾರದು. ಜಿಎನ್‌ಎಸ್3ರಲ್ಲಿ ಅಳಿಸಿದ ಪ್ರಾಜೆಕ್ಟ್‌ನ ಫೋಲ್ಡರ್ ಡಿಸ್ಕ್‌ನಿಂದಲೇ ಹೋಗುತ್ತದೆ. ಬದಲಿಗೆ, ಪ್ರಾಜೆಕ್ಟ್ ಹೆಸರಿನ ಮುಂದೆ ‘ಕಸ_’ ಎಂದು ಸೇರಿಸುವ ಟೂಲ್ ಕೊಡಿ, ಶನಿವಾರ ಲ್ಯಾಬ್ ಸಿಬ್ಬಂದಿ ಕೂತು ನಿಜವಾದ ಕಸ ತೆಗೆಯಲಿ. ಅದರ ವಿವರಣೆಯಲ್ಲಿ: ‘ತೆಗಿ, ತೆಗೀರಿ ಎಂದರೆ ತೆರೆ ಎಂದೂ ಆಗುತ್ತದೆ. ಅಳಿಸು, ಡಿಲೀಟ್, ಬ್ಯಾಡ ಎಂಬ ಸ್ಪಷ್ಟ ಮಾತಿಲ್ಲದಿದ್ದರೆ ಪ್ರಾಜೆಕ್ಟ್ ಹೆಸರು ಹೇಳಿ ಕೇಳಿ.’

ಬರೆದದ್ದನ್ನು ಪರೀಕ್ಷಿಸುವುದು

ಇಂಗ್ಲಿಷ್‌ನ ಅಚ್ಚುಕಟ್ಟು ವಾಕ್ಯಗಳಿಂದ ಪರೀಕ್ಷಿಸಿದರೆ ಎಲ್ಲವೂ ಪಾಸಾಗುತ್ತದೆ. ಹುಡುಗರು ಟೈಪ್ ಮಾಡುವ ಹಾಗೇ ಇಪ್ಪತ್ತು ವಾಕ್ಯ ಬರೆದಿಟ್ಟುಕೊಳ್ಳಿ: ‘ಲ್ಯಾಬ್ ಚಾಲೂ ಮಾಡ್ರಿ’, ‘ಗುಲ್ಬರ್ಗಾ ರೌಟರ್ ಬಂದ್ ಮಾಡು’, ‘ವಾಡಿಗಿ ಪಿಂಗ್ ಹೊಂಟಿಲ್ಲ ನೋಡ್ರಿ’, ‘ಹುಮನಾಬಾದ್ ಲಿಂಕ್ ತೆಗಿ’. ಪ್ರತಿಯೊಂದರ ಎದುರು ಯಾವ ಟೂಲ್ ಕರೆಯಬೇಕು, ಅಥವಾ ಕರೆಯದೆ ಪ್ರಶ್ನೆ ಕೇಳಬೇಕು ಎಂದು ಬರೆಯಿರಿ. ಒಂದೊಂದನ್ನೂ ಹೊಸ ಸಂಭಾಷಣೆಯಲ್ಲಿ ಐದು ಸಲ ಓಡಿಸಿ, ಏಜೆಂಟ್ ಏನು ಹೇಳಿತು ಎಂಬುದನ್ನು ಬಿಟ್ಟು ಲಾಗ್‌ನಲ್ಲಿ ಏನನ್ನು ಕರೆಯಿತು ಎಂಬುದನ್ನು ನೋಡಿ. ಐದರಲ್ಲಿ ಒಂದು ಸಲ ತಪ್ಪಿದರೂ ತಪ್ಪೇ. ಒಮ್ಮೆಗೆ ಒಂದೇ ಟೂಲ್‌ನ ವಿವರಣೆ ಬದಲಿಸಿ, ಇಲ್ಲವಾದರೆ ಯಾವುದರಿಂದ ಸರಿಹೋಯಿತು ತಿಳಿಯುವುದಿಲ್ಲ.

ಕರೆಂಟ್ ಹೋಗಿ ಬಂದ ಸ್ಥಿತಿಯೂ ಪರೀಕ್ಷೆಯಲ್ಲಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಯುಪಿಎಸ್ ಕೈಕೊಟ್ಟರೆ ಸರ್ವರ್ ಮತ್ತೆ ಏಳುವಾಗ ನೋಡ್‌ಗಳೆಲ್ಲ ನಿಂತಿರುತ್ತವೆ, ಏಜೆಂಟ್‌ನ ಸಂಭಾಷಣೆಯಲ್ಲಿ ಮಾತ್ರ ಅವು ಇನ್ನೂ ಓಡುತ್ತಿರುತ್ತವೆ. ಕೈಯಾರೆ ಸರ್ವರ್ ನಿಲ್ಲಿಸಿ, ಮತ್ತೆ ಎಬ್ಬಿಸಿ, ಅದೇ ಸಂಭಾಷಣೆಯಲ್ಲಿ ‘ಮುಂದುವರಿಸು’ ಎನ್ನಿ. ಅದು ಮೊದಲು ಲಿಸ್ಟ್_ನೋಡ್ಸ್ ಕರೆಯದಿದ್ದರೆ ರನ್_ಕನ್ಸೋಲ್‌ನ ವಿವರಣೆಗೆ ಒಂದು ಸಾಲು ಬಾಕಿ ಇದೆ ಎಂದರ್ಥ.

ವಿವರಣೆ ಕನ್ನಡದಲ್ಲಿ ಬರೆಯಬೇಕೆ, ಇಂಗ್ಲಿಷ್‌ನಲ್ಲೆ? ಕನ್ನಡ ಲಿಪಿ ಹೆಚ್ಚು ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ತಿನ್ನುತ್ತದೆ, ವಿವರಣೆಗಳು ಪ್ರತಿ ಸಂಭಾಷಣೆಯಲ್ಲೂ ಹೋಗುತ್ತವೆ. ಮುಖ್ಯ ಪಠ್ಯ ಇಂಗ್ಲಿಷ್‌ನಲ್ಲಿರಲಿ. ತೆಗಿ, ಬಂದ್, ಚಾಲೂ ಮುಂತಾದ ಮಾತುಗಳನ್ನು, ಊರಿನ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಡಿ.

ಪ್ರತಿ ವಿವರಣೆಯ ಮೇಲ್ಗಡೆ, ಏಜೆಂಟ್‌ಗೆ ಹೋಗದ ಕಾಮೆಂಟ್‌ನಲ್ಲಿ, ಯಾವ ಆವೃತ್ತಿಯ ಮೇಲೆ ಪರೀಕ್ಷಿಸಿದ್ದು ಎಂದು ಬರೆದಿಡಿ. ಜಿಎನ್‌ಎಸ್3ರ 2ನೇ ಆವೃತ್ತಿಯಲ್ಲಿ ಎಪಿಐ ವಿಳಾಸ ವಿ2ರಿಂದ ಶುರು, 3ನೇ ಆವೃತ್ತಿಯಲ್ಲಿ ವಿ3ರಿಂದ, ಜೊತೆಗೆ ಲಾಗಿನ್ ಕೂಡ ಬೇಕು. ಸರ್ವರ್ ಅಪ್‌ಗ್ರೇಡ್ ಮಾಡಿದ ದಿನ ಆ ಇಪ್ಪತ್ತು ವಾಕ್ಯಗಳನ್ನು ಮತ್ತೆ ಓಡಿಸಿ, ಅದೂ ವಿದ್ಯಾರ್ಥಿಗಳು ಲ್ಯಾಬ್‌ಗೆ ಬರುವ ಮೊದಲೇ.